ತಮ್ಮಂದು ಎಸ್ಸೆಸ್ಸೆಲ್ಸಿ ಆತು. ಯಾವ ಕೋರ್ಸಿಗೆ ಯಾವ ನೌಕರಿ, ಕೈಗೆ ಎಷ್ಟು? ಖರೇ ಲೆಕ್ಕ ಎಲ್ಲಿ ಸಿಗ್ತೈತಿ?

ಗೋಕಾಕ ಕರದಂಟು · ಮೇ 11, ರಾತ್ರಿ 9:42

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗೋಕಾಕ ತಾಲೂಕಿನಾಕಿ, ಊರಾಗಿನ ಪತ್ತಿನ ಸೊಸೈಟಿಯೊಳಗ ಕ್ಲಾರ್ಕ್ ಅದೀನಿ. ತಮ್ಮ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗ್ಯಾನ, 71 ಪರ್ಸೆಂಟ್. ಗಣಿತ ಚಲೋ, ಇಂಗ್ಲಿಷ್ ಜೀವ ಹಿಡಕೊಂಡು ಪಾಸು.

ಮನ್ಯಾಗ ಹದಿನೈದು ದಿನದಿಂದ ಪಂಚಾಯ್ತಿ ನಡದೈತಿ. ಅಪ್ಪಾ ಡಿಪ್ಲೊಮಾ ಅಂತಾನ. ಮಾಮಾ ಐಟಿಐ ಇಲೆಕ್ಟ್ರಿಶಿಯನ್ ಮಾಡಸ್ರಿ, ಹೆಸ್ಕಾಂನಾಗ ನಾ ನೋಡ್ಕೋತೀನಿ ಅಂತಾನ. ಅವನ ಸ್ವಂತ ಮಗನ್ನ ಅಲ್ಲಿ ಹಚ್ಚಾಕ ಇನ್ನಾ ಆಗಿಲ್ಲ, ಆ ಮಾತು ಬ್ಯಾರೆ. ದೊಡ್ಡಪ್ಪನ ಮಗ ಧಾರವಾಡದಾಗ ಕೋಚಿಂಗಿಗೆ ಕುಂತು ಮೂರು ವರ್ಷ ಆತು, ಅಂವ "ಪಿಯು ಆರ್ಟ್ಸ್ ಮಾಡ್ಸು, ಆಮ್ಯಾಲ ಡಿಗ್ರಿ, ಆಮ್ಯಾಲ ಕೆಎಎಸ್" ಅಂತಾನ. ನಿನ್ನೆ ಒಂದು ಖಾಸಗಿ ಕಾಲೇಜಿನವರು ಮನೀಗೇ ಬಂದು, ಚಾ ಕುಡದು, ಬಣ್ಣದ ಹಾಳಿ ಕೊಟ್ಟು ಹೋದ್ರು. "ನೂರಕ್ಕ ನೂರು ಪ್ಲೇಸ್‌ಮೆಂಟ್" ಅಂತ ದಪ್ಪ ಅಕ್ಷರದಾಗ ಐತಿ. ಎಲ್ಲಿ, ಎಷ್ಟು ಪಗಾರ, ಎಷ್ಟು ಮಂದಿ ಇನ್ನೂ ಅಲ್ಲೇ ಅದಾರ ಅಂತ ಕೇಳಿದೆ. ಒಬ್ಬರ ಮಾರಿ ಒಬ್ಬರು ನೋಡಿದ್ರು.

ನನ್ನ ಪ್ರಶ್ನೆ ಸರಳ ಐತಿ. ಎಪಿಎಂಸಿಯೊಳಗ ಗೋವಿನಜ್ವಾಳಕ್ಕ, ಕಡ್ಲಿಗೆ, ಸೋಯಾಕ್ಕ ದಿನಾ ಮೂರು ರೇಟು ಬರ್ದಿರ್ತಾರ: ಕನಿಷ್ಠ, ಗರಿಷ್ಠ, ಮಾದರಿ. ಮಾಲು ತರೂದೋ ಬ್ಯಾಡೋ ಅಂತ ರೈತ ಅದನ್ನ ನೋಡಿ ಠರಾಸ್ತಾನ. ಒಂದು ಗಾಡಿ ಜ್ವಾಳಕ್ಕ ಇಷ್ಟು ಮಾಹಿತಿ ಐತಿ. ಮೂರು ವರ್ಷ, ಲಕ್ಷ ರೂಪಾಯಿ ಖರ್ಚು ಮಾಡಿ ಹುಡುಗನ್ನ ಓದಸೂ ಮುಂದ ಇಂಥಾದ್ದೊಂದು ಬೋರ್ಡು ಎಲ್ಲಿ ಐತ್ರಿ? ನಮ್ಮ ಜಿಲ್ಲಾದಾಗ ಯಾವ ಕೆಲಸಕ್ಕ ಮಂದಿ ಬೇಕಾಗ್ಯಾರ, ಸುರುವಿಗೆ ಕೈಗೆ ಎಷ್ಟು, ಐದು ವರ್ಷಕ್ಕ ಎಷ್ಟು?

ಮೇಲ್ವಿಚಾರಕ · ಮೇ 11, ರಾತ್ರಿ 10:05

ಇಲ್ಲಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇನೆ. "ರೈಲ್ವೆ, 2 ಲಕ್ಷ, ಗ್ಯಾರಂಟಿ" ಎಂದು ಫೋನ್ ನಂಬರ್ ಹಾಕಿದ್ದರು. ಯಾರಾದರೂ ಆ ನಂಬರಿಗೆ ಫೋನ್ ಮಾಡಿದ್ದರೆ ದುಡ್ಡು ಕೊಡಬೇಡಿ. ಚರ್ಚೆ ಮುಂದುವರಿಯಲಿ, ಪ್ರಶ್ನೆ ಒಳ್ಳೆಯದಿದೆ.

ಹಳೇ ಟರ್ನರ್ · ಮೇ 11, ರಾತ್ರಿ 10:51

ತಂಗಿ, ನಾ ಬೆಳಗಾವಿಯ ಕಾರ್ಖಾನಿ ಏರಿಯಾ ಉದ್ಯಮಬಾಗದಾಗ 31 ವರ್ಷ ಲೇಥ್ ಮುಂದ ನಿಂತಾಂವ. ನೀ ಕೇಳಿದ ಬೋರ್ಡು ಐತಿ. ಆದ್ರ ಅದು ಒಂದ ಕಡೆ ಇಲ್ಲ, ಇನ್ನೂರು ಗೇಟಿನ ಮ್ಯಾಲ ಹಂಚಿ ಹೋಗೈತಿ.

ಮೂರನೇ ರೈಲ್ವೆ ಗೇಟಿನಿಂದ ಒಳಗ ಬಂದು ಉದ್ಯಮಬಾಗ ಸುತ್ತು, ಹಂಗ ಮಚ್ಛೆಗೆ ಹೋಗು, ಆ ಕಡೆ ಕಾಕತಿ, ಹೊನಗಾ. ಗೇಟಿಗೆ ಹಲಗಿ ತೂಗಹಾಕಿರ್ತಾರ: ಸಿಎನ್‌ಸಿ ಟರ್ನಿಂಗ್ ಸೆಟ್ಟರ್ ಬೇಕು, ವಿಎಂಸಿ ಆಪರೇಟರ್ ಬೇಕು, ಫೆಟ್ಲಿಂಗಿಗೆ ಮಂದಿ ಬೇಕು, ಕೋರ್ ಶಾಪಿಗೆ ಹೆಣ್ಮಕ್ಕಳು ಬೇಕು. (ಸಿಎನ್‌ಸಿ, ವಿಎಂಸಿ ಅಂದ್ರ ಕಂಪ್ಯೂಟರ್‌ಲೆ ನಡಿಯೂ ಮಶಿನ್; ಫೆಟ್ಲಿಂಗ್, ಕೋರ್ ಶಾಪ್ ಎರಡೂ ಎರಕದ ಕೆಲಸ.) ಕೆಲವು ಮರಾಠಿಯೊಳಗ, ಕೆಲವು ಇಂಗ್ಲಿಷಿನಾಗ, ಕನ್ನಡದಾವೂ ಅದಾವ. ಪಗಾರ ಮಾತ್ರ ಯಾವುದ್ರಾಗೂ ಬರದಿರೂದಿಲ್ಲ, ಅದು ಒಳಗ ಹೋದ ಮ್ಯಾಲ.

ಒಂದು ಗುಟ್ಟು ಹೇಳ್ತೀನಿ. ವರ್ಷಾನುಗಟ್ಟಲೆ ಇಳಿಯದಿರೂ ಹಲಗಿ ಇರ್ತಾವಲ್ಲಾ, ಅವನ್ನ ನೋಡಿ "ಇಲ್ಲಿ ಭಾಳ ನೌಕರಿ ಅದಾವ" ಅಂತ ತಿಳೀಬ್ಯಾಡ. ಅಲ್ಲಿ ಮಂದಿ ನಿಲ್ಲೂದಿಲ್ಲ ಅಂತ ಅದರ ಅರ್ಥ. ಎಂಟು ದಿನಕ್ಕ ಇಳಿಯೂ ಹಲಗಿ ಚಲೋ ಹಲಗಿ. ಮತ್ತ ಭಾಳ ಚಲೋ ಕಂಪನಿ ಹಲಗೀನ ಹಾಕೂದಿಲ್ಲ, ಒಳಗಿನ ಹುಡುಗರಿಗೆ "ನಿಮ್ಮ ಕಡೆ ಯಾರರ ಅದಾರೇನು" ಅಂತ ಕೇಳ್ತಾರ. ನನ್ನ ಮೂರೂ ನೌಕರಿ ಚಾದಂಗಡಿಯೊಳಗ ಸಿಕ್ಕಾವ.

ನವನಗರ ಸೆಕ್ಟರ್ · ಮೇ 12, ಬೆಳಿಗ್ಗೆ 7:20

ಟರ್ನರ್ ಕಾಕಾ ಹೇಳಿದ ಹಲಗೆಯ ಮಾತು ಯಾವ ಅರ್ಥಶಾಸ್ತ್ರದ ಪಾಠಕ್ಕೂ ಕಡಿಮೆ ಇಲ್ಲ. ಖಾಲಿ ಹುದ್ದೆ ಬೇರೆ, ಬೇಡಿಕೆ ಬೇರೆ.

ನಾನು ಬಾಗಲಕೋಟೆಯವನು, ಅಂಕಿಅಂಶದ ಕೆಲಸದಲ್ಲೇ ಇದ್ದೇನೆ. ಅಕ್ಕಾರೆ, ಅಂಕಿ ಇಲ್ಲ ಅಂತಲ್ಲ. ಇವೆ, ಆದರೆ ನಿಮ್ಮ ಮನೆಯ ಅಳತೆಗೆ ಹೊಲಿದವಲ್ಲ. ಕೇಂದ್ರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಪಿಎಲ್‌ಎಫ್‌ಎಸ್ ಅಂತಾರಲ್ಲ, ಅದು 2017ರ ಏಪ್ರಿಲ್‌ನಿಂದ ನಡೆದಿದೆ. 2025ರಿಂದ ತಿಂಗಳಿಗೊಮ್ಮೆ ಅಂಕಿ ಬರುತ್ತಿದೆ. ದೇಶದಲ್ಲಿ, ರಾಜ್ಯದಲ್ಲಿ ನಿರುದ್ಯೋಗ ಎಷ್ಟು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಗೋಕಾಕಿನ ಹುಡುಗ ಫಿಟ್ಟರ್ ಕಲಿಯಬೇಕೋ ಮಶಿನಿಸ್ಟ್ ಕಲಿಯಬೇಕೋ ಎಂಬುದು ಅದು ಕೇಳಿಕೊಂಡ ಪ್ರಶ್ನೆಯೇ ಅಲ್ಲ. ಇನ್ನೊಂದು: ವಾರದ ಲೆಕ್ಕದಲ್ಲಿ, ಏಳು ದಿನದೊಳಗೆ ಯಾವುದಾದರೂ ಒಂದು ದಿನ ಒಂದು ತಾಸು ದುಡಿದವನೂ ಉದ್ಯೋಗಿಯೇ. ಮನೆಯ ಹೊಲದಲ್ಲಿ ಪಗಾರವಿಲ್ಲದೆ ದುಡಿದರೂ ಉದ್ಯೋಗಿ. ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆ ಕಬ್ಬಿಗೆ ನೀರು ಹಾಯಿಸುವ ಹುಡುಗ ಆ ಪಟ್ಟಿಯಲ್ಲಿ ನಿರುದ್ಯೋಗಿ ಅಲ್ಲ. ತಪ್ಪು ಲೆಕ್ಕ ಅನ್ನುತ್ತಿಲ್ಲ, ಜಗತ್ತಿನಲ್ಲೆಲ್ಲ ಹೀಗೇ ಅಳೆಯುತ್ತಾರೆ. ನಿಮಗೆ ಬೇಕಾದದ್ದು ಅದಲ್ಲ, ಅಷ್ಟೆ.

ಅಮೆರಿಕದ ಕಾರ್ಮಿಕ ಇಲಾಖೆ 1949ರಿಂದ ವೃತ್ತಿಗಳ ಕೈಪಿಡಿ ಒಂದನ್ನು ಹೊರತರುತ್ತಿದೆ. ವೆಲ್ಡರ್ ಅಂತ ತೆಗೆದರೆ ಏನು ಕೆಲಸ, ಎಷ್ಟು ಓದು, ನಡುವಿನವನ ಪಗಾರ ಎಷ್ಟು, ಮುಂದಿನ ಹತ್ತು ವರ್ಷ ಆ ಕೆಲಸ ಬೆಳೆಯುತ್ತದೋ ಕುಗ್ಗುತ್ತದೋ, ಎಲ್ಲ ಒಂದೇ ಪುಟದಲ್ಲಿ. ಶಾಲೆಯ ಹುಡುಗ ಓದಿ ತಿಳಿಯುವ ಭಾಷೆಯಲ್ಲಿ. ನಮ್ಮಲ್ಲಿ ವೃತ್ತಿಗಳ ರಾಷ್ಟ್ರೀಯ ವರ್ಗೀಕರಣ 2015ರದ್ದಿದೆ, ಸುಮಾರು 3,600 ವೃತ್ತಿಗಳ ವಿವರಣೆ ಇದೆ. ಎಂಟು ಅಂಕಿಯ ಸಂಕೇತವಿದೆ. ಪಗಾರವಿಲ್ಲ, ಊರಿಲ್ಲ.

ಫೌಂಡ್ರಿ ಸಾವ್ಕಾರ · ಮೇ 12, ಮಧ್ಯಾಹ್ನ 1:15

ಹೆಸರಿಗಷ್ಟ ಸಾವ್ಕಾರ, ಸಾಲ ನೋಡಿದ್ರ ಯಾರೂ ಹಂಗ ಕರಿಯೂದಿಲ್ಲ. 40 ಮಂದಿಯ ಸಣ್ಣ ಫೌಂಡ್ರಿ ನಂದು, ಲೋಹ ಕರಗಿಸಿ ಎರಕ ಹೊಯ್ಯೂ ಕಾರ್ಖಾನಿ.

ನವನಗರದ ಸರ್, ಇನ್ನೊಂದು ಅಂಕಿ ನಿಮ್ಮ ಪಟ್ಟಿಯೊಳಗ ಬಿಟ್ಟು ಹೋಗೈತಿ. ಉದ್ಯೋಗ ವಿನಿಮಯ ಕೇಂದ್ರದ 1959ರ ಕಾಯ್ದೆ ಅಂತ 2025ರ ತನಕ ಇತ್ತು. 25 ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇದ್ದ ಖಾಸಗಿಯವರೂ ಖಾಲಿ ಜಾಗ ಆ ಕೇಂದ್ರಕ್ಕ ತಿಳಸಬೇಕಿತ್ತು, ಮೂರು ತಿಂಗಳಿಗೊಮ್ಮೆ ಇಆರ್-1 ಅನ್ನೂ ಫಾರ್ಮು ತುಂಬಬೇಕಿತ್ತು. ಎಷ್ಟು ಮಂದಿ ಅದಾರ, ಎಷ್ಟು ಜಾಗ ಖಾಲಿ, ಯಾವ ಕೆಲಸಕ್ಕ ಮಂದಿ ಸಿಗವಲ್ಲರು, ಎಲ್ಲಾ ಅದ್ರಾಗ ಬರೀತಿದ್ವಿ. ನಮ್ಮಪ್ಪನ ಕಾಲದಿಂದ ನಮ್ಮ ಮನಿತನ ಅದನ್ನ ತುಂಬಕೋತ ಬಂದೈತಿ. "ಮೋಲ್ಡರ್ (ಎರಕದ ಅಚ್ಚು ಮಾಡಾಂವ) ಸಿಗೂದಿಲ್ಲ" ಅಂತ ಎಷ್ಟು ಸಲ ಬರದೀನೋ ನನಗ ನೆನಪಿಲ್ಲ. ಅದನ್ನ ಓದಿ ಯಾವ ಶಾಲ್ಯಾಗರ "ಮಕ್ಕಳ, ಬೆಳಗಾವ್ಯಾಗ ಮೋಲ್ಡರ್ ಬೇಕಾಗ್ಯಾರ" ಅಂತ ಹೇಳ್ಯಾರೇನು? ನಾ ಕೇಳಿಲ್ಲ.

ಇಲ್ಲಿ ಹುಡುಗರು ಎಲ್ಲಾರೂ ಇಲೆಕ್ಟ್ರಿಶಿಯನ್. ನನಗ ಬೇಕಾದಾವ ಪ್ಯಾಟರ್ನ್ ಓದೂ ಹುಡುಗ, ಫರ್ನೇಸ್ ಮ್ಯಾಲ ನಿಂದರೂ ಮೆಲ್ಟರ್, ಮಣ್ಣು ಪರೀಕ್ಷಾ ಮಾಡೂ ಲ್ಯಾಬಿನಾಂವ. ಒಡಿಶಾ, ಬಿಹಾರದಿಂದ ಹುಡುಗರು ಬಂದು ಮಾಡ್ಲಿಕತ್ತಾರ. ನಮ್ಮೂರ ಹುಡುಗರಿಗೆ ಎಸಿ ಬೇಕು.

ಹಳೇ ಟರ್ನರ್ · ಮೇ 12, ಮಧ್ಯಾಹ್ನ 2:02

ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಏಪ್ರಿಲ್ ತಿಂಗಳದಾಗ ಫರ್ನೇಸ್ ಮುಂದ ಎಂಟು ತಾಸು ನಿಂತು ನೋಡಿದೋರು ಎಸಿ ಮಾತು ಆಡೂದಿಲ್ಲ. ಹುಡುಗರು ಯಾಕ ಬರವಲ್ಲರು ಅಂದ್ರ ನಿಮ್ಮ ಫಾರ್ಮಿನಾಗ "ಮೋಲ್ಡರ್ ಬೇಕು" ಅಂತ ಐತಿ, "ಇಷ್ಟು ಕೊಡ್ತೀನಿ" ಅಂತ ಇಲ್ಲ. ಎಷ್ಟು ಕೊಡ್ತೀರಿ? ಇಲ್ಲೇ ಬರೀರಿ ನೋಡೋಣ.

ಫೌಂಡ್ರಿ ಸಾವ್ಕಾರ · ಮೇ 12, ರಾತ್ರಿ 8:30

ಬರೀತೀನಿ, ಮುಚ್ಚಿಡೂ ಅಂಥಾದ್ದೇನೈತಿ. ಹೊಸಾ ಹೆಲ್ಪರ್‌ಗೆ ಕೈಗೆ 14 ಸಾವಿರ. ಮೋಲ್ಡಿಂಗ್ ಪೀಸಿನ ಲೆಕ್ಕ, ಚಲೋ ಕೈ ಇದ್ದಾಂವ 24, 25 ತನಕ ಒಯ್ತಾನ. ಮೆಲ್ಟರ್ ಎಂಟು ವರ್ಷದಾಂವ 28. ಪಿಎಫ್, ಇಎಸ್‌ಐ ಐತಿ. ಇದು ನನ್ನ ಒಬ್ಬನ ಲೆಕ್ಕ, ಬಾಜೂ ಫೌಂಡ್ರಿಯಾಂವ ಎಷ್ಟು ಕೊಡ್ತಾನ ಅಂತ ನನಗೂ ಗೊತ್ತಿಲ್ಲ. ಹುಡುಗ ಬಿಟ್ಟು ಹೋದ ದಿನಾನ ಗೊತ್ತಾಕ್ಕೈತಿ.

ಗೋಕಾಕ ಕರದಂಟು · ಮೇ 12, ರಾತ್ರಿ 8:44

ಸಾವ್ಕಾರ್ರ, ಹದಿನೈದು ದಿನದಾಗ ಮೊದಲನೇ ಸಲ ಒಬ್ಬರು ಅಂಕಿ ಹೇಳಿದ್ರಿ. ನೋಟ್‌ಬುಕ್ಕಿನಾಗ ಬರಕೊಂಡೆ.

ಚಾಕಣದಿಂದ ವಾಪಸ್ · ಮೇ 13, ಬೆಳಿಗ್ಗೆ 6:55

ಸೆಕೆಂಡ್ ಶಿಫ್ಟ್ ಮುಗಿಸಿ ಮಲಗಿದ್ದೆ, ಈಗ ಓದಿದೆ. ನಂದು ಅಥಣಿ ತಾಲೂಕು. ಐಟಿಐ ಮಶಿನಿಸ್ಟ್ ಮಾಡಿ ಪುಣೆಯ ಚಾಕಣಕ್ಕ ಹೋದೆ, ಈಗ ಹತ್ತರಗಿ ಕಡೆ ಕೆಲಸ. ಅಕ್ಕಾ, ಅಪ್ರೆಂಟಿಸ್ ವಿಷಯ ಯಾರೂ ಸ್ವಚ್ಛ ಹೇಳೂದಿಲ್ಲ, ನಾ ಹೇಳ್ತೀನಿ.

ನಮಗ "ದೊಡ್ಡ ಕಂಪನಿಯೊಳಗ ನೌಕರಿ ಸಿಕ್ಕತಿ" ಅಂತ ಬಸ್ ಹತ್ತಿಸಿದ್ರು. ಹೋದ ಮ್ಯಾಲ ಗೊತ್ತಾತು ಅದು ನೌಕರಿ ಅಲ್ಲ, ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದ್ರ ಕಲಿಯಾಂವ, ಕಾರ್ಮಿಕ ಅಲ್ಲ. ಪಗಾರ ಇಲ್ಲ, ಶಿಷ್ಯವೇತನ. 2019ರ ನಿಯಮ ಬಂದಾಗ ಕನಿಷ್ಠ ಐಟಿಐಗೆ 7,000, ಡಿಪ್ಲೊಮಾಕ್ಕ 8,000, ಡಿಗ್ರಿಗೆ 9,000 ಇತ್ತು. ಮುಗಿದ ಮ್ಯಾಲ ಇಟ್ಟುಕೊಳ್ಳೂದು ಕಂಪನಿ ಮರ್ಜಿ. ನಾವು ಹದಿನಾಲ್ಕು ಮಂದಿ ಹೋಗಿದ್ವಿ, ಇಬ್ಬರನ್ನ ಇಟ್ಟುಕೊಂಡ್ರು. ಆ ಹದಿನಾಲ್ಕೂ ಮಂದೀದು ನಮ್ಮ ಐಟಿಐ ಗ್ವಾಡಿ ಮ್ಯಾಲ ಫೋಟೋ ಐತಿ, "ನೌಕರಿ ಪಡೆದವರು" ಅಂತ. ನಂದೂ ಐತಿ. ಹಣಿಗೆ ಕುಂಕುಮ ಹಚ್ಚಿ ತಗಿಸ್ಯಾರ.

ಅಪ್ರೆಂಟಿಸ್ ಕೆಟ್ಟದ್ದು ಅಂತ ತಿಳೀಬ್ಯಾಡ್ರಿ ಮತ್ತ. ವರ್ಷ ಪೂರ್ತಿ ಮಾಡಿ, ಪರೀಕ್ಷಾ ಪಾಸಾಗಿ ಸರ್ಟಿಫಿಕೇಟ್ ತಗೊಂಡ್ರ ಅದಕ್ಕ ಕಿಮ್ಮತ್ತು ಐತಿ. ರೈಲ್ವೆ ಲೆವೆಲ್-1 ಹುದ್ದೆಯೊಳಗ ಅಪ್ರೆಂಟಿಸ್ ಮುಗಿಸಿದವರಿಗೆ 20 ಪರ್ಸೆಂಟ್ ಇಟ್ಟಾರ. ಅರ್ಧಕ್ಕ ಬಿಟ್ಟು ಬಂದ್ರ ಹೋತು. ನಮ್ಮ ಜೋಡಿ ಐದು ಮಂದಿ ದೀಪಾವಳಿಗೆ ಊರಿಗೆ ಬಂದಾವ್ರು ಹೊಳ್ಳಿ ಹೋಗಲೇ ಇಲ್ಲ.

ಹಿಂಗಾಗಿ ಕಾಲೇಜಿನವರಿಗೆ ಕೇಳೂದು "ಎಷ್ಟು ಮಂದಿಗೆ ಸಿಕ್ಕೈತಿ" ಅಲ್ಲ. "ಹೋದ ವರ್ಷ ಹೋದವರೊಳಗ ಎಷ್ಟು ಮಂದಿ ಇವತ್ತಿಗೆ ಅಲ್ಲೇ ಅದಾರ" ಅಂತ.

ಇಂಡಿ ನಿಂಬಿಕಾಯಿ · ಮೇ 13, ಸಂಜೆ 5:30

ನಾನು ವಿಜಯಪುರ ಜಿಲ್ಲೆಯ ಹೈಸ್ಕೂಲ್ ಮೇಷ್ಟ್ರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ "ಮುಂದೇನು" ಎಂದು ಭಾಷಣ ಮಾಡುವ ಕೆಲಸ ನನ್ನ ಮೇಲೇ ಬೀಳುತ್ತದೆ. ನನಗೆ ಗೊತ್ತಿರುವುದು ಮೇಷ್ಟ್ರ ಕೆಲಸ ಒಂದೇ. ಆದರೂ ಮಾಡ್ತಿದ್ದೆ ನೋಡ್ರಿ, ಧೈರ್ಯ.

ಎರಡು ವರ್ಷದ ಹಿಂದೆ ನಾಚಿಕೆ ಬಂದು ಒಂದು ಸರ್ಕಾರಿ ತರಬೇತಿ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹೆಸರು ಬೇಡ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇದು ಗೊತ್ತಿಲ್ಲದೆ ಮೊದಲ ಅರ್ಜಿ ಎರಡು ಪುಟ ಬರೆದಿದ್ದೆ, ವಾಪಸ್ ಬಂತು. ಎರಡನೇ ಸಲ ಮೂರೇ ಸಾಲು: ಇಂಥ ಟ್ರೇಡಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಯಾವ ಪಗಾರಕ್ಕೆ. 30 ದಿನಕ್ಕೆ ಒಂದು ದಿನ ಮೊದಲು ಉತ್ತರ ಬಂತು. ಸೇರಿದವರು, ಪಾಸಾದವರು ಖಚಿತವಾಗಿ ಇತ್ತು. ಕೊನೆಯ ಎರಡಕ್ಕೆ "ಮಾಹಿತಿ ನಿರ್ವಹಿಸಿರುವುದಿಲ್ಲ". ಕಾಯ್ದೆ ಪ್ರಕಾರ ಇಲ್ಲದ ಮಾಹಿತಿಯನ್ನು ಹುಟ್ಟಿಸಿ ಕೊಡಿ ಅನ್ನುವಂತಿಲ್ಲ. ಸುಳ್ಳೇನೂ ಹೇಳಲಿಲ್ಲ ಅವರು. ಆದರೆ ಅಷ್ಟರಿಂದಲೇ ನನಗೊಂದು ತಿಳಿಯಿತು: ಸೇರಿದವರಲ್ಲಿ ಮೂರನೇ ಒಂದು ಭಾಗ ಪಾಸೇ ಆಗಿರಲಿಲ್ಲ. ಅದನ್ನು ನಾನು ನನ್ನ ಭಾಷಣದಲ್ಲಿ ಎಂದೂ ಹೇಳಿರಲಿಲ್ಲ.

ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜಾದರೆ ದಾರಿ ಸುಲಭ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆ ಇದ್ದವರು ತಮ್ಮ ಜಾಲತಾಣದಲ್ಲಿ ಕಡ್ಡಾಯ ಪ್ರಕಟಣೆ ಹಾಕಬೇಕು. ಅದರ ನಮೂನೆಯಲ್ಲಿ ಮೂರು ವರ್ಷದ ಪ್ಲೇಸ್‌ಮೆಂಟ್, ಕನಿಷ್ಠ, ಗರಿಷ್ಠ, ಸರಾಸರಿ ಪಗಾರದ ಕಾಲಂ ಇದೆ. ಬ್ರೋಷರ್ ಕೊಟ್ಟು ಹೋದವರ ಕಡತ ತೆಗೆದು ನೋಡಿ ತಂಗಿ.

ಗೋಕಾಕ ಕರದಂಟು · ಮೇ 13, ರಾತ್ರಿ 9:10

ತಗದು ನೋಡಿದೆ ಸರ. ಐತಿ. ಗರಿಷ್ಠ 6 ಲಕ್ಷ, ಸರಾಸರಿ 2.6 ಲಕ್ಷ ವರ್ಷಕ್ಕ. ಕನಿಷ್ಠದ ಕಾಲಂ ಖಾಲಿ. ಹೇಳ್ರಿ, ಈ ಸರಾಸರೀನ ನಂಬಬೇಕೋ ಬ್ಯಾಡೋ?

ನವನಗರ ಸೆಕ್ಟರ್ · ಮೇ 13, ರಾತ್ರಿ 11:38

ಅಕ್ಕಾರೆ, ಉತ್ತರ ನೀವೇ ಮೊದಲ ದಿನ ಹೇಳಿದ್ದೀರಿ. ಎಪಿಎಂಸಿಯವರು ಸರಾಸರಿ ಹಾಕುವುದಿಲ್ಲ, ಮಾದರಿ ಧಾರಣೆ ಹಾಕುತ್ತಾರೆ, ಅಂದರೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಒಬ್ಬನ ಒಂದು ಚೀಲ ಬೀಜದ ಜೋಳ ಐದು ಪಟ್ಟು ದರಕ್ಕೆ ಹೋದರೆ ಮಾದರಿ ದರ ಅಲುಗುವುದಿಲ್ಲ, ಸರಾಸರಿ ಏರಿಬಿಡುತ್ತದೆ. ಹತ್ತು ಹುಡುಗರು, ಒಂಬತ್ತು ಮಂದಿಗೆ 15,000, ಒಬ್ಬನಿಗೆ ಬೆಂಗಳೂರಲ್ಲಿ 1,00,000. ಸರಾಸರಿ 23,500. ಆ 23,500 ಪಡೆಯುವ ಹುಡುಗ ಆ ಕ್ಲಾಸಿನಲ್ಲಿ ಒಬ್ಬನೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ 15,000 ಎನ್ನುತ್ತಾನೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಈ ನಡುವಿನ ಪಗಾರವನ್ನೇ ಕೊಡಬೇಕು, ಅದು ಸಾರ್ವಜನಿಕವಾಗಿ ಸಿಗುತ್ತದೆ.

ಇನ್ನು ವರ್ಷದ ಲಕ್ಷದ ಲೆಕ್ಕ. 3.6 ಲಕ್ಷ ಸಿಟಿಸಿ (ನಿಮ್ಮ ಮೇಲೆ ಕಂಪನಿಗೆ ತಗಲುವ ಒಟ್ಟು ವೆಚ್ಚ) ಅಂದಾಗ ಮನೆಯವರೆಲ್ಲ ತಿಂಗಳಿಗೆ 30,000 ಎಂದು ಭಾಗಿಸಿ ಸಂತೋಷಪಡುತ್ತಾರೆ. ಮೂಲ ವೇತನ 15,000 ಎಂದು ಹಿಡಿಯಿರಿ. ಕಂಪನಿಯ ಪಾಲಿನ ಪಿಎಫ್ 1,800 ಆ 30,000ದೊಳಗೇ ಇರುತ್ತದೆ. ಗ್ರಾಚ್ಯುಟಿಗೆ ಎಂದು ಸುಮಾರು 720 ಒಳಗೇ. ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ವೃತ್ತಿ ತೆರಿಗೆ 200. ಕೈಗೆ ಬರುವುದು 25,480ರ ಹತ್ತಿರ. ಅದರಲ್ಲಿ ಪುಣೆಯ ರೂಮು ಬಾಡಿಗೆ, ಮೆಸ್ಸು. ಚಾಕಣದ ತಮ್ಮ ಹೇಳಬೇಕು.

ಕಂಪನಿ ಹೇಗಿದೆ ಎಂದು ನೋಡಲು ನಾನು ಬಳಸುವ ಒಂದು ಉಪಾಯ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಓ ಜಾಲತಾಣದಲ್ಲಿ ಸಂಸ್ಥೆ ಹುಡುಕುವ ಪುಟ ಇದೆ, ಲಾಗಿನ್ ಬೇಡ. ಕಂಪನಿ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ಮಂದಿಗೆ ಪಿಎಫ್ ಕಟ್ಟಿದ್ದಾರೆ ಎಂದು ಬರುತ್ತದೆ. ಹನ್ನೆರಡು ತಿಂಗಳು ಕೆಳಗೆ ಇಳಿಯುತ್ತ ಹೋಗಿ. 180, 184, 191 ಎಂದು ಏರುತ್ತಿದ್ದರೆ ಒಂದು ಕಥೆ, 180, 140, 95 ಆದರೆ ಇನ್ನೊಂದು ಕಥೆ. ಗುತ್ತಿಗೆದಾರನ ಕೈಕೆಳಗಿನ ಮಂದಿ ಗುತ್ತಿಗೆದಾರನ ಹೆಸರಲ್ಲಿ ಇರುತ್ತಾರೆ, ಹಾಗಾಗಿ ದೊಡ್ಡ ಫ್ಯಾಕ್ಟರಿ ಸಣ್ಣದಾಗಿ ಕಾಣಬಹುದು. ಅದೂ ಒಂದು ಮಾಹಿತಿಯೇ.

ಚಾಕಣದಿಂದ ವಾಪಸ್ · ಮೇ 14, ಬೆಳಿಗ್ಗೆ 7:02

ರೂಮಿನಾಗ ಐದು ಮಂದಿ, ತಲಾ 1,800. ಮೆಸ್ 3,200. ಊರಿಗೆ ಹೋಗಿ ಬರೂದು ಬ್ಯಾರೆ. ಅಲ್ಲಿ 18 ಸಾವಿರ ತಗೊಂಡು ಮನೀಗೆ 8 ಕಳಸ್ತಿದ್ದೆ, ಇಲ್ಲಿ 17 ತಗೊಂಡು 12 ಕೊಡ್ತೀನಿ. ಪಿಎಫ್ ಪುಟ ಈಗ ನೋಡಿದೆ, ನಮ್ಮ ಕಂಪನೀದು ಏರಕೋತ ಹೊಂಟೈತಿ. ನಿದ್ದಿ ಚಲೋ ಹತ್ತತೈತಿ ಇವತ್ತ.

ಧಾರವಾಡ ರೂಮ್ ನಂಬರ್ 4 · ಮೇ 14, ಮಧ್ಯಾಹ್ನ 3:18

ಮುದ್ದೇಬಿಹಾಳ ಕಡೆಯಾಂವ. ಬಿಎ ಮುಗಿಸಿ ಧಾರವಾಡದಾಗ ಐದನೇ ವರ್ಷ. ದೊಡ್ಡಪ್ಪನ ಮಗ ಅಂದ್ರಲ್ಲಾ ಅಕ್ಕಾವ್ರ, ಅಂವಾ ನನ್ನ ರೂಮಿನಾಂವಾನೇ ಇರಬಹುದು, ಎಲ್ಲಾರ ಮಾತೂ ಒಂದೇ ಇರ್ತದ.

ಸರ್ಕಾರಿ ನೌಕರಿ ಬ್ಯಾಡ ಅಂತ ಹೇಳಂಗಿಲ್ಲ ನಾ. ನಮ್ಮ ಕಡೆ ಅದರ ಮಾಹಿತಿ ಮಾತ್ರ ಸ್ವಚ್ಛ ಅದ, ಅದಕ್ಕೇ ಎಲ್ಲಾರೂ ಆ ಕಡೆ ಓಡ್ತೀವಿ ಅಂತ ನನಗ ಅನಸ್ತದ. ಎಷ್ಟು ಹುದ್ದೆ, ಯಾವ ವಯಸ್ಸು, ಮೂಲ ವೇತನ ಎಷ್ಟು, ಎಲ್ಲಾ ಅಧಿಸೂಚನೆಯೊಳಗ ಬರದಿರ್ತಾರ. ಅದೇ ಫ್ಯಾಕ್ಟರಿಯಾಂವ ಏನೂ ಹೇಳಂಗಿಲ್ಲ. ನಾನೂ ಕಾಣಸೂದನ್ನ ಆರಿಸಿದೆ.

ಆದ್ರ ಅಧಿಸೂಚನೆಯೊಳಗ ಒಂದು ಅಂಕಿ ಇರಂಗಿಲ್ಲ, ಅರ್ಜಿ ಎಷ್ಟು ಬರ್ತಾವ ಅನ್ನೂದು. 2025ರಾಗ ಕರೆದ ರೈಲ್ವೆ ಗ್ರೂಪ್ ಡಿ 32,438 ಹುದ್ದೆ. ಅರ್ಜಿ ಒಂದು ಕೋಟಿ ಮ್ಯಾಲ. ಒಂದು ಹುದ್ದೆಗೆ ಮುನ್ನೂರಕ್ಕಿಂತ ಹೆಚ್ಚು. 2024ರಾಗ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಕರೆದ ಗ್ರಾಮ ಆಡಳಿತ ಅಧಿಕಾರಿ 1,000. ಆ ಸಾವಿರದಾಗ ನಾ ಇರಲಿಲ್ಲ, ಹಿಂದಿನದ್ರಾಗೂ ಇರಲಿಲ್ಲ. ಐದು ವರ್ಷದ ರೂಮು, ಊಟ, ಲೈಬ್ರರಿ ಫೀ ಕೂಡಿಸಿ ನಾಲ್ಕು ಲಕ್ಷ ಆಗ್ಯದ. ಅಪ್ಪಗ ಈ ಲೆಕ್ಕ ತೋರಿಸಿಲ್ಲ. ಇಲ್ಲೇ ಮೊದಲು ಬರದೀನಿ.

ಯುವನಿಧಿ ಡಿಗ್ರಿಯವರಿಗೆ ತಿಂಗಳಾ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ ತನಕ. ಪಾಸಾಗಿ ಆರು ತಿಂಗಳಾದ್ರೂ ನೌಕರಿ ಇಲ್ಲದವರು ಹೆಸರು ಹಚ್ಚತಾರ. ಯಾವ ತಾಲೂಕಿನಾಗ ಯಾವ ಕೋರ್ಸು ಮುಗಿಸಿದವರು ಮನ್ಯಾಗ ಕುಂತಾರ ಅಂತ ಸರ್ಕಾರದ ಕೈಯಾಗ ಪಟ್ಟಿ ಅದ. ಅದನ್ನ ಕೋರ್ಸ್‌ವಾರು ಮಾಡಿ ಹೈಸ್ಕೂಲ್ ಗ್ವಾಡಿಗೆ ಅಂಟಿಸಿದ್ರ ಇಂಡಿ ಸರ್ ಭಾಷಣಾನೇ ಬೇಕಾಗಿಲ್ಲ.

ಇಂಡಿ ನಿಂಬಿಕಾಯಿ · ಮೇ 14, ಸಂಜೆ 6:10

ತಮ್ಮಾ, ಮೊದಲು ಅಪ್ಪಗ ಫೋನ್ ಹಚ್ಚು. ಲೆಕ್ಕ ಆಮೇಲೆ ಹೇಳಿದ್ರೂ ನಡೀತದ.

ಇಳಕಲ್ ದಡಿ · ಮೇ 15, ಬೆಳಿಗ್ಗೆ 11:25

ಎಲ್ಲಾ ಓದಿದೆ. ಬರೇ ಗಂಡ್ಹುಡುಗರ ಮಾತs ಐತಿ. ನಮ್ಮದು ನೇಯೂ ಮನಿ, ಅವ್ವ ಮಗ್ಗದ ಮ್ಯಾಲ, ನಾನು ಬಿಕಾಂ ಎರಡನೇ ವರ್ಷ. ಹೆಣ್ಮಕ್ಕಳಿಗೆ "ಬಿಎಡ್ ಇಲ್ಲಾ ನರ್ಸಿಂಗ್" ಅನ್ನೂದು ಬಿಟ್ರ ಮೂರನೇ ಮಾತು ಯಾರ ಬಾಯಾಗೂ ಬರೂದಿಲ್ಲ. ಟ್ಯಾಲಿ, ಜಿಎಸ್‌ಟಿ ಬಲ್ಲವರು ಬಾಗಲಕೋಟಿಯೊಳಗ ಎಷ್ಟು ಮಂದಿ ಬೇಕಾಗ್ಯಾರ? ಗ್ರಾನೈಟ್ ಅಂಗಡಿ, ಸಿಮೆಂಟ್ ಏಜೆನ್ಸಿ, ಸಕ್ಕರಿ ಕಾರ್ಖಾನಿ ಆಫೀಸು, ಎಲ್ಲಾ ಕಡೆ ಲೆಕ್ಕ ಬರಿಯೋರು ಇದ್ದs ಇರ್ತಾರಲ್ಲ. ಅವರಿಗೆ ಎಷ್ಟು?

ಮತ್ತ ಅಂಕಿಯೊಳಗ ಬರದ ಒಂದು ಮಾತು. ಪಗಾರ ಗೊತ್ತಾದ್ರ ನಮಗ ಸಾಕಾಗೂದಿಲ್ಲ. ಬಿಡೂದು ಎಷ್ಟು ಗಂಟೆಗೆ, ಬಸ್ಸು ಐತೋ ಇಲ್ಲೋ, ಒಳಗ ಇನ್ನೊಬ್ಬಾಕಿ ಹೆಣ್ಣುಮಗಳು ಅದಾಳೋ ಇಲ್ಲೋ. ಮನ್ಯಾಗ ಕೇಳೂದು ಇವು ಮೂರs.

ಗ್ರಂಥಾಲಯದ ಅಕ್ಕ · ಮೇ 15, ರಾತ್ರಿ 9:50

ಜಮಖಂಡಿ ತಾಲೂಕಿನ ಒಂದು ಪಂಚಾಯ್ತಿಯ ಅರಿವು ಕೇಂದ್ರ ನೋಡಿಕೊಳ್ಳಾಕಿ ನಾನು. ಗ್ರಂಥಾಲಯ ಅಂದ್ರೂ ಅದs. ನಮ್ಮಲ್ಲಿ ಕಂಪ್ಯೂಟರ್ ಐತಿ, ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್ 2015ರಿಂದ ಐತಿ, ರಾಜ್ಯದ್ದು ಸ್ಕಿಲ್ ಕನೆಕ್ಟ್ ಐತಿ, ಎರಡೂ ಪುಕ್ಕಟೆ. ಹುಡುಗರನ್ನ ಕುಂದ್ರಿಸಿ ಹೆಸರು ಹಚ್ಚಿಸೀನಿ. ಹಚ್ಚಿದ ಮ್ಯಾಲ ಅದನ್ನ ತಗದು ನೋಡಿದವರು ಇಬ್ಬರು.

ಯಾಕ ಅಂತ ಕುಂತು ನೋಡಿದೆ. ಶಬ್ದದ ತ್ರಾಸು ಒಂದು. ಹುಡುಗ "ವೆಲ್ಡಿಂಗ್ ಜಮಖಂಡಿ" ಅಂತ ಹುಡುಕ್ತಾನ. ಅಲ್ಲಿ ವೃತ್ತಿ ವಲಯ, ಕಾರ್ಯಕ್ಷೇತ್ರ, ಕೌಶಲ ಶ್ರೇಣಿ ಅಂತ ಒಂದೊಂದ ಆರಸ್ಕೋತ ಹೋಗಬೇಕು. ಅಂವಗ ತಾನು ಯಾವ ವಲಯದಾಂವ ಅಂತ ಏನ್ ಗೊತ್ತು? ನನಗೂ ಗೊತ್ತಿಲ್ಲ. ಎರಡನೇದು, ಬಂದ ನೌಕರಿ ಬೆಂಗಳೂರು, ಹೊಸೂರು. ಮೂರನೇದು, ಆ ನೌಕರಿ ಮಾಡೂ ನಮ್ಮೂರ ಮನಶ್ಯಾ ಒಬ್ಬಾಂವರ ಇಲ್ಲದಿದ್ರ ಯಾವ ತಾಯಿನೂ ಕಳಸೂದಿಲ್ಲ.

ಈ ಚರ್ಚಾ ನೋಡಿ ಇವತ್ತ ಒಂದು ಕೆಲಸ ಮಾಡಿದೆ. ಒಂದು ದೊಡ್ಡ ಹಾಳಿ ತಗೊಂಡು ಎಪಿಎಂಸಿ ಥರಾ ಗೆರಿ ಹೊಡದೆ. ಕೆಲಸ, ಊರು, ಸುರುವಿಗೆ ಕೈಗೆ, ಮೂರು ವರ್ಷಕ್ಕ ಕೈಗೆ, ಏನು ಓದ್ಯಾನ, ಮಾಡವಲ್ಲೆ ಅನಸೂದು ಯಾವಾಗ. ಕಡೇ ಕಾಲಂ ನನ್ನ ಮಗಳು ಹೇಳಿದ್ದು. ನಮ್ಮೂರಿಂದ ಹೊರಗ ದುಡಿಯೂ ಹನ್ನೊಂದು ಮಂದಿಗೆ ಫೋನ್ ಮಾಡಿದೆ. ಒಂಬತ್ತು ಮಂದಿ ಹೇಳಿದ್ರು, ಹೆಸರು ಬರಿಯಬ್ಯಾಡ್ರಿ ಅಂದ್ರು, ಬರದಿಲ್ಲ. ಕುಡಚಿಯೊಳಗ ಫ್ಯಾಬ್ರಿಕೇಶನ್ ಮಾಡಾಂವ, ವಿಂಡ್ ಫ್ಯಾನ್ ಮ್ಯಾಲ ಹತ್ತಾಂವ ಒಬ್ಬ ಬಸವನ ಬಾಗೇವಾಡಿ ಕಡೆ, ಕೂಡಗಿ ಥರ್ಮಲ್ಲಿನಾಗ ಗುತ್ತಿಗಿ ಮ್ಯಾಲ ಇಬ್ಬರು, ಡಯಾಲಿಸಿಸ್ ಟೆಕ್ನಿಶಿಯನ್ ಒಬ್ಬಾಕಿ, ಉಳದವರು ಪುಣೆ, ಗೋವಾ. ವಿಂಡ್ ಫ್ಯಾನಿನಾಂವ ಕಡೇ ಕಾಲಂಗೆ "ಆಷಾಢದ ಗಾಳಿಯೊಳಗ" ಅಂದ.

ನವನಗರ ಸೆಕ್ಟರ್ · ಮೇ 15, ರಾತ್ರಿ 10:20

ಅಕ್ಕಾರೆ, ಒಂಬತ್ತು ಮಂದಿಯ ಲೆಕ್ಕದಿಂದ ಜಿಲ್ಲೆಯ ಮಾತು ಆಡಲು ಬರುವುದಿಲ್ಲ, ಇದನ್ನು ಹೇಳುವುದು ನನ್ನ ವೃತ್ತಿಧರ್ಮ. ಹಾಳೆಯ ಮೇಲೆ ತಾರೀಕು ಬರೆಯಿರಿ, ಎಷ್ಟು ಮಂದಿಯನ್ನು ಕೇಳಿದ್ದು ಎಂದು ಬರೆಯಿರಿ, ಆರು ತಿಂಗಳಿಗೆ ಹರಿದು ಹಾಕಿ ಹೊಸದು ಮಾಡಿ. ಹಳೆಯ ದರದ ಬೋರ್ಡಿಗಿಂತ ಖಾಲಿ ಗೋಡೆ ಮೇಲು. ಬಿಟ್ಟು ಬಂದವರಿಗೂ ಫೋನ್ ಮಾಡಿ, ನಿಂತವರನ್ನಷ್ಟೇ ಕೇಳಿದರೆ ಎಲ್ಲ ಚೆನ್ನಾಗಿದೆ ಎಂದೇ ಬರುತ್ತದೆ. ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳುತ್ತೇನೆ, ಆ ಕೊನೆಯ ಕಾಲಂ ಯಾವ ಸಮೀಕ್ಷೆಯಲ್ಲೂ ನಾನು ನೋಡಿಲ್ಲ.

ಫೌಂಡ್ರಿ ಸಾವ್ಕಾರ · ಮೇ 16, ಬೆಳಿಗ್ಗೆ 8:05

ಹಾಳಿ ಫೋಟೋ ನನಗೂ ಕಳಸ್ರಿ. ನಮ್ಮ ಗೇಟಿನ ಹಲಗಿ ಮ್ಯಾಲ ಇವತ್ತ ಪಗಾರ ಬರಸೀನಿ. ಬಾಜೂದವರು ಫೋನ್ ಮಾಡಿ ಬೈದ್ರು.

ಗೋಕಾಕ ಕರದಂಟು · ಮೇ 26, ರಾತ್ರಿ 9:15

ಹತ್ತು ದಿನ ಬರಿಯಾಕ ಆಗಿರಲಿಲ್ಲ, ಸೊಸೈಟಿ ಆಡಿಟ್ ಇತ್ತು.

ಹೋದ ಶನಿವಾರ ತಮ್ಮನ್ನ ಕರಕೊಂಡು ಬೆಳಗಾವಿಗೆ ಹೋಗಿದ್ದೆ. ಟರ್ನರ್ ಕಾಕಾನ ಮಾತಿನ ಪ್ರಕಾರ ಗೇಟ್ ಹಲಗಿ ಬರಕೊಂಡ್ವಿ, 43 ಸಿಕ್ಕುವು. ಸಿಎನ್‌ಸಿ, ವಿಎಂಸಿ ಎರಡೂ ಸೇರಿ 19. ಇಲೆಕ್ಟ್ರಿಶಿಯನ್ 2. ಮಾಮಾಗ ತೋರಿಸಿದೆ, "ಹಲಗಿ ಓದಿ ಯಾರರ ಮಗನ್ನ ಓದಸ್ತಾರೇನು" ಅಂದ. ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಗೂ ಹೋಗಿ ಬಂದ್ವಿ. ಟೂಲ್ ಆ್ಯಂಡ್ ಡೈ ಡಿಪ್ಲೊಮಾ 3 ವರ್ಷ, ಮ್ಯಾಲ 1 ವರ್ಷ ಕಂಪನಿಯೊಳಗ ತರಬೇತಿ. ಹೊರಗ ಬರೂ ಹುಡುಗರನ್ನ ಮಾತಾಡಿಸಿದೆ, ಮೂರು ಮಂದಿ ಕೈಗೆ ಎಷ್ಟು ಅಂತ ಹೇಳಿದ್ರು. ಸಾದಾ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದ್ರ ಡಿಸಿಇಟಿ ಪ್ರವೇಶ ಪರೀಕ್ಷಾ ಬರದು ಬಿಇ ಎರಡನೇ ವರ್ಷಕ್ಕ ಹೋಗಬಹುದು ಅನ್ನೂ ಆಸೆ ಅಪ್ಪಂದು. ಎರಡಕ್ಕೂ ಅರ್ಜಿ ಹಾಕೀವಿ. ಬಣ್ಣದ ಹಾಳಿಯವರು ಮತ್ತ ಫೋನ್ ಮಾಡಿದ್ರು, ಕನಿಷ್ಠ ಕಾಲಂ ಯಾಕ ಖಾಲಿ ಅಂತ ಕೇಳಿದೆ, ಇಟ್ಟುಬಿಟ್ರು.

ತಮ್ಮ ಏನ ಅಂತಾನ ಅಂದ್ರ, ಅಕ್ಕಾ, ಫರ್ನೇಸ್ ನೋಡಬೇಕು. ಸಾವ್ಕಾರ್ರ, 16 ವರ್ಷದಾಂವ, ಕೆಲಸಕ್ಕ ಅಲ್ಲ, ಬರೇ ನೋಡಾಕ ಬಿಡ್ತೀರೇನು?

ಫೌಂಡ್ರಿ ಸಾವ್ಕಾರ · ಮೇ 26, ರಾತ್ರಿ 9:31

ಕರಕೊಂಡು ಬಾ ತಂಗಿ. ಬೂಟು ಹಾಕಿಸ್ಕೊಂಡು ಬಾ, ಚಪ್ಪಲ್ ನಡಿಯೂದಿಲ್ಲ.

ಗ್ರಂಥಾಲಯದ ಅಕ್ಕ · ಮೇ 27, ಬೆಳಿಗ್ಗೆ 10:40

ನಮ್ಮ ಹಾಳಿಯೊಳಗ ಈಗ 26 ಸಾಲು ಆಗ್ಯಾವ. ಇವತ್ತ ಬಾಗಲಾ ತಗದು ನೋಡ್ತೀನಿ, ವಿಎಂಸಿ ಆಪರೇಟರ್ ಸಾಲಿನ ಬಾಜೂಕ ಯಾರೋ ಪೆನ್ಸಿಲ್‌ಲೆ ಸಣ್ಣಗ ಬರದು ಹೋಗ್ಯಾರ: "ಹುಡುಗಿಯರನ್ನು ತಗೋತಾರಾ? ರಾತ್ರಿ ಶಿಫ್ಟ್ ಇದೆಯಾ? ಬಸ್?" ಅಕ್ಷರ ಹೈಸ್ಕೂಲ್ ಹುಡುಗೀದು ಕಂಡಂಗ ಐತಿ. ಚಾಕಣದ ತಮ್ಮಾ, ನಿಮ್ಮಲ್ಲಿ ಹೆಂಗ?

ಚಾಕಣದಿಂದ ವಾಪಸ್ · ಮೇ 28, ಬೆಳಿಗ್ಗೆ 7:10

ನಮ್ಮ ಲೈನಿನಾಗ ಆರು ಮಂದಿ ಹುಡುಗಿಯರು ಅದಾರ, ಇನ್‌ಸ್ಪೆಕ್ಷನ್‌ನಾಗ ಇನ್ನಾ ಹೆಚ್ಚು. ಬಸ್ಸು ಐತಿ, ಸಂಕೇಶ್ವರ ತನಕ ಬರೂದು ನಾ ನೋಡೀನಿ, ಅದರ ಮುಂದ ಎಲ್ಲಿ ತನಕ ಹೋಗ್ತೈತಿ ಗೊತ್ತಿಲ್ಲ. ರಾತ್ರಿ ಶಿಫ್ಟಿಂದು ಅವರನ್ನ ಕೇಳಿ ನಾಳೆ ಬರೀತೀನಿ. ಅಲ್ಲೀತನ ಪೆನ್ಸಿಲ್ ಅಳಸಬ್ಯಾಡ್ರಿ.